ಮೂರ್ತಿ ನಿಲ್ಲಿಸುವ ಮೊದಲು ನಮ್ಮನ್ನೂ ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಕಲಬುರಗಿಯಲ್ಲಿ ಒಂದು ರಸ್ತೆ ಅಗಲವಾಯಿತು, ಒಂದು ಸರ್ಕಲ್ ಹೊಸದಾಯಿತು ಅಂದರೆ ಸಾಕು, ನಡುವೆ ಏನು ನಿಲ್ಲಿಸುತ್ತಾರೆ ಎಂಬ ಮಾತು ಶುರುವಾಗುತ್ತದೆ. ಚಹಾದಂಗಡಿಯಲ್ಲಿ ಅದೇ ಮಾತು, ನನ್ನ ಅಂಗಡಿ ಮುಂದೆಯೂ ಅದೇ ಮಾತು. ತೀರ್ಮಾನ ಮಾತ್ರ ಬೇರೆಲ್ಲೋ ಆಗಿರುತ್ತದೆ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಕ್ರೇನ್ ಬಂದು ನಿಂತಿರುತ್ತದೆ. ಇದು ಬದಲಾಗಬೇಕು ಅಂತಲೇ ಈ ಪತ್ರ.

ನಾನು ಫರ್ಸಿ ಕಲ್ಲಿನ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ವ್ಯಾಪಾರಿ. ನಮ್ಮಪ್ಪ ಶಹಾಬಾದಿನ ಖಣಿಯಲ್ಲಿ ಕಲ್ಲು ಬಿಡಿಸುತ್ತಿದ್ದರು. ಕಲೆಯ ವಿಷಯ ಓದಿದವನಲ್ಲ, ಆದರೆ ಕಲ್ಲಿನ ಗುಣ ಬಲ್ಲೆ. ಈ ಊರಿನ ಜನ ಶಿಲ್ಪದ ಬಗ್ಗೆ ಏನು ಮಾತಾಡುತ್ತಾರೆ ಅನ್ನುವುದನ್ನೂ ದಿನಾ ಕೇಳುತ್ತೇನೆ.

ಮೊದಲೇ ಒಂದು ಮಾತು. ಜಗತ್ ಸರ್ಕಲ್‌ನ ಬಸವಣ್ಣನವರ, ಅಂಬೇಡ್ಕರರ ಪ್ರತಿಮೆಗಳ ಬಗ್ಗೆ ನಾನು ಹೇಳುತ್ತಿಲ್ಲ. ಏಪ್ರಿಲ್ 14ರಂದು ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಸವ ಜಯಂತಿಗೂ ಹಾಗೇ. ಸೆಪ್ಟೆಂಬರ್ 17 ಬಂದರೆ ಸರ್ದಾರ್ ಪಟೇಲರ ಪ್ರತಿಮೆಗೆ ಮಾಲೆ ಹಾಕಿ, 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದದ್ದನ್ನು ನೆನೆಯುತ್ತೇವೆ. ಅಲ್ಲಿಗೆ ಹೋಗುವವರು ಕೈಮುಗಿಯಲು ಹೋಗುತ್ತಾರೆ, ಮೂಗು ಸರಿಯಾಗಿದೆಯಾ ಅಂತ ನೋಡಲು ಅಲ್ಲ. ಆ ಪ್ರತಿಮೆಗಳು ಜನರದ್ದೇ ಆಗಿಹೋಗಿವೆ.

ನನ್ನ ಮಾತು ಚಂದಕ್ಕೆ ಅಂತ ತಂದು ನಿಲ್ಲಿಸುವ ಬೊಂಬೆಗಳ ಬಗ್ಗೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಫೈಬರ್‌ನ ಒಂದು ಜೋಡಿ ಎತ್ತು, ಹಿಂದೆ ನೇಗಿಲು ಹಿಡಿದ ರೈತ ಇದ್ದಾನೆ. ಹೊರಗಿನಿಂದ ಲಾರಿಯಲ್ಲಿ ಬಂದವು. ಮೊದಲ ದಿನ ನೋಡಲು ಚೆನ್ನಾಗಿಯೇ ಇದ್ದವು, ಮಕ್ಕಳು ಫೋಟೊ ತೆಗೆಸಿಕೊಂಡರು. ಆದರೆ ನಮ್ಮ ಬಿಸಿಲು ಗೊತ್ತಲ್ಲ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಬಿಸಿಲು ಬೀಳುವ ಕಡೆಯ ಬಣ್ಣ ಹಪ್ಪಳದಂತೆ ಎದ್ದು ಉದುರಿತು. ಒಂದು ಎತ್ತಿನ ಕಿವಿ ಮುರಿದಿದೆ. ಮುರಿದ ಜಾಗದಲ್ಲಿ ಬಿಳಿ ಗಾಜಿನ ಎಳೆ ಹೊರಗೆ ಚಾಚಿಕೊಂಡಿದೆ, ಮುಟ್ಟಿದರೆ ಚರ್ಮದೊಳಗೆ ಹೋಗುತ್ತದೆ. ಪಕ್ಕದ ಮನೆಯ ಹುಡುಗ ಹತ್ತಿ ಆಡಿ, ರಾತ್ರಿಯೆಲ್ಲ ಅಂಗೈ ತುರಿಸಿಕೊಂಡ. ಹೊಟ್ಟೆಯ ಕೆಳಗಿನ ಬಿರುಕಿನಲ್ಲಿ ಮಳೆನೀರು ಸೇರಿ ಸೊಳ್ಳೆ ಆಗುತ್ತವೆ. ರಿಪೇರಿ ಯಾರು ಮಾಡಬೇಕು ಅಂತ ಕೇಳಿದರೆ, ಮಾಡಿಸಿದವರು ಒಬ್ಬರ ಕಡೆ ಇನ್ನೊಬ್ಬರು ಕೈ ತೋರಿಸುತ್ತಾರೆ. ರೈತನ ಹೆಸರಲ್ಲಿ ನಿಲ್ಲಿಸಿದ್ದು ಹೀಗೆ ಬಿದ್ದಿದ್ದರೆ, ಊರ ಹೊರಗೆ ತೊಗರಿ ಬೆಳೆಯುವ ರೈತ ನೋಡಿ ಏನಂದುಕೊಳ್ಳಬೇಕು ಹೇಳಿ.

ಜನ ಏನಂತಾರೆ ಅನ್ನುವುದನ್ನೂ ಕೇಳಿ. ದಿನಾ ನನ್ನ ಅಂಗಡಿ ಎದುರು ಗಾಡಿ ನಿಲ್ಲಿಸುವ ಆಟೋದವರೊಬ್ಬರು, "ನಡುವ ದೊಡ್ಡ ಕಟ್ಟೆ ಕಟ್ಟಿಬಿಡ್ತಾರಿ, ಆ ಕಡಿಂದ ಬರೋ ಗಾಡಿ ಕಾಣಂಗೇ ಇಲ್ರಿ" ಅಂದರು. ಅವರ ಮಾತು ಸುಳ್ಳಲ್ಲ. ರಸ್ತೆ, ಫುಟ್‌ಪಾತ್‌ಗಳಂಥ ಸಾರ್ವಜನಿಕ ಜಾಗದಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ರಾಜ್ಯಗಳಿಗೆ ಹೇಳಿದೆ. ತರಕಾರಿ ಮಾರುವ ಅಕ್ಕನೊಬ್ಬಳದು ಬೇರೆಯೇ ಮಾತು: "ಏನರ ನಿಂದ್ರಿಸ್ರಿ ಯಣ್ಣಾ, ಅದರ ಬಾಜು ಒಂದು ಬೇವಿನ ಗಿಡ ಹಚ್ರಿ, ಕೂಡಾಕ ಕಟ್ಟಿ ಮಾಡ್ರಿ." ನಾನು ಕೇಳಿದ ಅಭಿಪ್ರಾಯಗಳಲ್ಲೆಲ್ಲ ನನಗೆ ಹೆಚ್ಚು ಹಿಡಿಸಿದ್ದು ಇದೇ. ನೆರಳಿಲ್ಲದ ಕಡೆ ನಮ್ಮೂರಲ್ಲಿ ಯಾರು ನಿಂತು ಶಿಲ್ಪ ನೋಡುತ್ತಾರೆ?

ಮೊದಲು ನೀರು, ಚರಂಡಿ ಆಗಲಿ, ಶಿಲ್ಪ ಆಮೇಲೆ ನೋಡೋಣ ಅನ್ನುವವರೂ ಬಹಳ ಜನ. ಅವರ ಸಿಟ್ಟು ನ್ಯಾಯವಾದದ್ದು. ಆದರೆ ದುಡ್ಡು ಹೇಗೂ ಖರ್ಚಾಗುತ್ತಲೇ ಇದೆ ಅಲ್ವಾ? ಆಗುವ ಖರ್ಚು ಬಾಳಿಕೆ ಬರುವಂತೆ ಆಗಲಿ ಅನ್ನುವುದಷ್ಟೇ ನನ್ನ ಕೋರಿಕೆ.

ಬಾಳಿಕೆ ಅಂದರೆ ಏನು ಅಂತ ನೋಡಬೇಕಾದರೆ ಕನಗನಹಳ್ಳಿಗೆ ಹೋಗಿ ಬನ್ನಿ. ಚಿತ್ತಾಪುರ ತಾಲ್ಲೂಕು, ಸನ್ನತಿಯ ಚಂದ್ರಲಾಂಬಾ ಗುಡಿಯ ಹತ್ತಿರ, ಭೀಮಾ ದಂಡೆ. 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅದರ ಸುತ್ತ ಹೊದಿಸಿದ್ದ ಕಲ್ಲುಗಳ ತುಂಬ ಉಬ್ಬು ಕೆತ್ತನೆ. ಒಂದು ಕಲ್ಲಿನಲ್ಲಿ ರಾಜ, ರಾಣಿ, ಹಿಂದೆ ಛತ್ರಿ, ಚಾಮರ ಹಿಡಿದವರು. ಆ ಕಲ್ಲಿನಲ್ಲೇ ಬ್ರಾಹ್ಮಿ ಅಕ್ಷರದಲ್ಲಿ 'ರಾಯ ಅಸೋಕೋ' ಅಂತ ಬರೆದಿದೆ. ಅಶೋಕನ ಹೆಸರು ಜೊತೆಗಿರುವ ಅವನ ಚಿತ್ರ ಸಿಕ್ಕದ್ದು ನಮ್ಮ ಜಿಲ್ಲೆಯಲ್ಲಿ! ಸುಮಾರು ಎರಡು ಸಾವಿರ ವರ್ಷದ ಹಿಂದೆ ಆಳಿದ ಶಾತವಾಹನ ರಾಜರ ಚಿತ್ರಗಳೂ ಹೆಸರಿನ ಸಮೇತ ಅಲ್ಲಿವೆ.

ಆ ಕಲ್ಲು ಯಾವುದು? ನಮ್ಮ ಭಾಗದ ಸುಣ್ಣದ ಕಲ್ಲೇ. ಅದೇ ಜಾತಿಯ ಕಲ್ಲನ್ನು ನಾವು ಮನೆಯಲ್ಲಿ ಹಾಸಿಕೊಂಡು ಓಡಾಡುತ್ತೇವೆ. ನಾನು ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಈ ಕಲ್ಲು ಪದರು ಪದರಾಗಿ ಬಿಡುತ್ತದೆ. ಖಣಿಯಲ್ಲಿ ಪದರಿನ ಸಂದಿಗೆ ಉಳಿ ಇಟ್ಟು ಹದವಾಗಿ ಹೊಡೆದರೆ ಇಡೀ ಹಾಸು ಸಲೀಸಾಗಿ ಏಳುತ್ತದೆ. ಹೀಗಾಗಿ ಎದ್ದು ನಿಂತ ದೊಡ್ಡ ಮೂರ್ತಿಗೆ ಇದು ಅಷ್ಟು ಒಗ್ಗುವುದಿಲ್ಲ. ಚಪ್ಪಟೆ ಹಾಸಿನ ಮೇಲೆ ಉಬ್ಬು ಕೆತ್ತನೆಗೆ ಹೇಳಿ ಮಾಡಿಸಿದ್ದು. ಆ ಕಾಲದವರಿಗೆ ಈ ಗುಣ ಚೆನ್ನಾಗಿ ಗೊತ್ತಿತ್ತು. ಕೈಯಳತೆಯಲ್ಲಿ ಇಂಥ ಕಲ್ಲು ಇಟ್ಟುಕೊಂಡು ನಾವು ಫೈಬರ್ ತರಿಸುತ್ತಿದ್ದೇವೆ.

ಆದ್ದರಿಂದ ನನ್ನ ಬೇಡಿಕೆ ಇದು. ಸರ್ಕಲ್ ನಡುವೆ ಹೊಸ ಬೊಂಬೆ ಬೇಡ. ಜನ ನಡೆಯುವ, ಕಾಯುವ ಜಾಗಗಳ ಗೋಡೆಗೆ ನಮ್ಮ ಕಲ್ಲಿನ ಕೆತ್ತನೆ ಬರಲಿ. ಅಪ್ಪನ ಕೆರೆಯ ದಂಡೆ ಇದೆ, ಬಸ್ ನಿಲ್ದಾಣದ ಗೋಡೆ ಇದೆ, ಪಾರ್ಕುಗಳ ಕಾಂಪೌಂಡ್ ಇವೆ. ಬಸ್ಸಿಗೆ ಕಾಯುವ ಅಜ್ಜಿ ನೋಡಲಿ, ಮಕ್ಕಳು ಕೈಯಿಂದ ಸವರಲಿ. ಶರಣಬಸವೇಶ್ವರರ ಜಾತ್ರೆಯ ತೇರು, ಬಂದೇನವಾಜರ ದರ್ಗಾದ ಉರುಸು, ತೊಗರಿ ರಾಶಿ, ಖಣಿಯ ಕೆಲಸಗಾರರು, ಕೆತ್ತಲು ವಿಷಯಕ್ಕೆ ಏನು ಬರ? ಯಾವುದು ಮೊದಲು ಅನ್ನುವುದನ್ನು ಆಯಾ ಬಡಾವಣೆಯ ಜನರೇ ಹೇಳಲಿ. ಮಾದರಿಯನ್ನು ಒಂದು ತಿಂಗಳು ವಾರ್ಡಿನಲ್ಲಿ ಇಡಿ, ಪಕ್ಕದಲ್ಲಿ ಒಂದು ಪುಸ್ತಕ ಇಡಿ. ಬರೆಯಲು ಬಾರದವರ ಮಾತನ್ನು ಕೇಳಿ ಬರೆದುಕೊಳ್ಳಲು ಒಬ್ಬರನ್ನು ಕೂರಿಸಿ.

ಕೆತ್ತಲು ಹೊರಗಿನವರೇ ಬೇಕಾಗಿಲ್ಲ. ಎಸ್.ಎಂ. ಪಂಡಿತರಂಥ ಚಿತ್ರಕಾರ 1916ರಲ್ಲಿ ಹುಟ್ಟಿದ ಊರು ಇದು, ಅವರ ಹೆಸರಿನ ರಂಗಮಂದಿರವೂ ಇದೆ. ಇಲ್ಲಿ ಚಿತ್ರಕಲೆ, ಶಿಲ್ಪ ಕಲಿತ ಹುಡುಗ ಹುಡುಗಿಯರು ಕೆಲಸ ಹುಡುಕಿ ಪುಣೆ, ಹೈದರಾಬಾದ್‌ಗೆ ಹೋಗುತ್ತಿದ್ದಾರೆ. ಹೋದ ವರ್ಷ ಕಲ್ಲಿನ ತುಂಡು ಕೇಳಿಕೊಂಡು ಬಂದ ಒಬ್ಬ ಹುಡುಗಿ, "ನಮ್ಮೂರಾಗ ನಮ್ಮನ್ನ ಯಾರೂ ಕೇಳಂಗಿಲ್ರಿ ಕಾಕಾ" ಅಂದಳು. ಮನಸ್ಸಿಗೆ ಬಹಳ ಕೆಟ್ಟದೆನಿಸಿತು. ಹಾಗೆಯೇ ಉದ್ಘಾಟನೆಯ ಫಲಕದಲ್ಲಿ ಗಣ್ಯರ ಹೆಸರು ಎಷ್ಟು ಬೇಕಾದರೂ ಇರಲಿ, ಕೆತ್ತಿದವರ ಹೆಸರು, ಕಲ್ಲು ಎಲ್ಲಿಯದು, ಯಾವ ವರ್ಷದ್ದು ಅನ್ನುವುದೂ ಇರಲೇಬೇಕು.

ನೋಡಿಕೊಳ್ಳುವ ಕೆಲಸ ಜಾಸ್ತಿ ಇಲ್ಲ. ವರ್ಷಕ್ಕೆರಡು ಸಲ ಬರೀ ನೀರಿನಿಂದ, ಮೆತ್ತಗಿನ ಬ್ರಷ್‌ನಿಂದ ತೊಳೆದರೆ ಸಾಕು. ಆಸಿಡ್ ಮಾತ್ರ ಹತ್ತಿರ ತರಬಾರದು, ಈ ಕಲ್ಲನ್ನು ಅದು ತಿಂದುಬಿಡುತ್ತದೆ. ಫರ್ಸಿಯ ಮೇಲೆ ನಿಂಬೆಹಣ್ಣಿನ ರಸ ಬಿದ್ದರೂ ಕಲೆ ಉಳಿಯುವುದನ್ನು ಮನೆಮನೆಯಲ್ಲಿ ನೋಡಿದ್ದೇವೆ. ಹಬ್ಬ ಬಂತು ಅಂತ ಆಯಿಲ್ ಪೇಂಟ್ ಬಳಿಯುವುದೂ ಬೇಡ.

ಮಹಾನಗರ ಪಾಲಿಕೆಯವರು ಯಾವುದಾದರೂ ಒಂದು ಗೋಡೆಯಲ್ಲಿ ಇದನ್ನು ಮಾಡಿ ನೋಡಲಿ. ಆ ಗೋಡೆಯ ಮೊದಲ ಹಾಸುಗಲ್ಲನ್ನು ನಾನು ಪುಕ್ಕಟೆ ಕೊಡುತ್ತೇನೆ. ಅಳತೆ ಮಾತ್ರ ಮೊದಲೇ ಹೇಳಬೇಕು. ಅಂಗಡಿಯಲ್ಲಿರುವುದು ನೆಲಕ್ಕೆ ಹಾಸುವ ತೆಳು ಕಲ್ಲು, ಕೆತ್ತನೆಗೆ ಬೇಕಾಗುವ ದಪ್ಪ ಪದರನ್ನು ಖಣಿಯಲ್ಲಿ ಹುಡುಕಿ, ಬಿರುಕಿಲ್ಲದ್ದನ್ನು ಆರಿಸಿ ತರಬೇಕಾಗುತ್ತದೆ.

ಇಂತಿ,
ಒಬ್ಬ ಫರ್ಸಿ ಕಲ್ಲಿನ ವ್ಯಾಪಾರಿ, ಕಲಬುರಗಿ