ಕಂಡಮ್ ಪಟ್ಟಿಗೆ ಸಹಿ ಮಾಡುವ ಮುನ್ನ: ಗದಗ ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಗದಗ-ಬೆಟಗೇರಿಯಲ್ಲಿ ಹದಿನೆಂಟು ವರ್ಷಗಳಿಂದ ಕಂಪ್ಯೂಟರ್ ದುರಸ್ತಿಯ ಸಣ್ಣ ಅಂಗಡಿ ನಡೆಸುತ್ತಿರುವ ನಾನು ತಮ್ಮಲ್ಲಿ ಒಂದೇ ಒಂದು ಮನವಿ ಮಾಡಲು ಈ ಪತ್ರ ಬರೆಯುತ್ತಿದ್ದೇನೆ. ತಯಾರಕ ಕಂಪನಿಯ ಬೆಂಬಲ ಮುಗಿಯಿತು ಎಂಬ ಒಂದೇ ಕಾರಣಕ್ಕೆ ಜಿಲ್ಲೆಯ ಸರ್ಕಾರಿ ಶಾಲೆಗಳ ಮತ್ತು ಗ್ರಾಮ ಪಂಚಾಯತಿಗಳ ಕಂಪ್ಯೂಟರುಗಳನ್ನು ನಿರುಪಯುಕ್ತವೆಂದು, ಅಂದರೆ ಕಂಡಮ್ ಎಂದು, ಹರಾಜಿಗೆ ಹಾಕಬಾರದು. ಪ್ರತಿಯೊಂದನ್ನೂ ತೆರೆದು, ಚಾಲೂ ಮಾಡಿ ನೋಡಿದ ಮೇಲೆಯೇ ಪಟ್ಟಿಗೆ ಸೇರಿಸಬೇಕು ಎಂದು ತಾವು ಒಂದು ಸುತ್ತೋಲೆ ಹೊರಡಿಸಬೇಕು.

ಇದನ್ನು ಈಗ ಬರೆಯಲು ಕಾರಣವಿದೆ. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಪರಿಷ್ಕರಣೆಗಳು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡವು. ಅಲ್ಲಿಂದೀಚೆಗೆ ನನ್ನ ಅಂಗಡಿಗೆ ಬಂದ ಮೂವರು ಮುಖ್ಯೋಪಾಧ್ಯಾಯರು ಹೆಚ್ಚುಕಡಿಮೆ ಒಂದೇ ಮಾತು ಕೇಳಿದ್ದಾರೆ: "ವಿಂಡೋಸ್ 10 ಬಂದ್ ಆತಂತ, ಇವನ್ನೆಲ್ಲಾ ಕಂಡಮ್ ಮಾಡಬೇಕೇನ್ರಿ?" ಬಂದ್ ಆಗಿದ್ದು ಕಂಪ್ಯೂಟರ್ ಅಲ್ಲ, ಅದರೊಳಗಿನ ಒಂದು ತಂತ್ರಾಂಶಕ್ಕೆ ಸಿಗುತ್ತಿದ್ದ ರಿಪೇರಿ ಮಾತ್ರ ಎಂದು ಅವರಿಗೆ ಬಿಡಿಸಿ ಹೇಳಬೇಕಾಯಿತು. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಸುಮಾರಾಗಿ 2017ರ ನಂತರದ ಪ್ರೊಸೆಸರನ್ನೂ ಕೇಳುತ್ತದೆ. ಇಂಟೆಲ್‌ನಲ್ಲಾದರೆ ಒಂದೆರಡನ್ನು ಬಿಟ್ಟು ಎಂಟನೇ ಪೀಳಿಗೆಗಿಂತ ಹಳೆಯವು ಅದರ ಪಟ್ಟಿಯಲ್ಲಿ ಇಲ್ಲ. ನಮ್ಮ ಶಾಲೆಗಳಲ್ಲಿ ನಾನು ಕೈಯಾರೆ ಬಿಚ್ಚಿ ನೋಡಿರುವ ಯಂತ್ರಗಳಲ್ಲಿ ಬಹಳಷ್ಟು ನಾಲ್ಕನೆಯ, ಆರನೆಯ ಪೀಳಿಗೆಯವು. ಅವುಗಳ ಶಕ್ತಿ ಕುಂದಿಲ್ಲ, ಆದರೆ ಹೊಸ ವಿಂಡೋಸ್ ಅವುಗಳನ್ನು ಒಪ್ಪುವುದಿಲ್ಲ.

ಒಂದು ಅನುಭವ ಹೇಳುತ್ತೇನೆ. ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಹನ್ನೊಂದು ಡೆಸ್ಕ್‌ಟಾಪ್‌ಗಳನ್ನು ಕೆಟ್ಟಿವೆ ಎಂದು ಮೂಲೆಗೆ ಒಟ್ಟಿ, ಮೇಲೆ ತಾಡಪತ್ರಿ ಹೊದಿಸಿದ್ದರು. ಹೋಗಿ ನೋಡಿದಾಗ ನಿಜವಾಗಿ ಕೆಟ್ಟಿದ್ದವು ಮೂರು: ಎರಡರ ಮದರ್‌ಬೋರ್ಡ್ ಸುಟ್ಟಿತ್ತು, ಒಂದರ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಭಾಗ) ಹೋಗಿತ್ತು. ಸುಟ್ಟ ಯಂತ್ರದ ಎಸ್‌ಎಂಪಿಎಸ್ ಬಿಚ್ಚಿ ಮೂರನೆಯದಕ್ಕೆ ಹಾಕಿದೆವು, ಅದು ಎದ್ದಿತು. ಉಳಿದ ಎಂಟರಲ್ಲಿ ಇದ್ದದ್ದು ನಮ್ಮ ಎರಿ ಭೂಮಿಯ ಧೂಳು, ಪ್ರೊಸೆಸರಿನ ಬಿಸಿ ಹೊರಹೋಗಲೆಂದು ಹಚ್ಚುವ, ಆದರೆ ಒಣಗಿ ಹೋದ ಥರ್ಮಲ್ ಪೇಸ್ಟ್, ಮತ್ತು ಮದರ್‌ಬೋರ್ಡಿನ ಮೇಲೆ ನಾಣ್ಯದಂತೆ ಕೂರುವ ಸಿಆರ್ 2032 ಬ್ಯಾಟರಿಯ ಸಾವು. ಈ ಬ್ಯಾಟರಿ ಸತ್ತರೆ ಕಂಪ್ಯೂಟರಿನ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ನಿಲ್ಲುತ್ತದೆ. ಆಗ ಬ್ರೌಸರ್ ಪ್ರತಿ ಜಾಲತಾಣದ ಪ್ರಮಾಣಪತ್ರವನ್ನೂ ಅಮಾನ್ಯವೆಂದು ತಿರಸ್ಕರಿಸುತ್ತದೆ. ಶಿಕ್ಷಕರು ಇಂಟರ್‌ನೆಟ್ ಬರುತ್ತಿಲ್ಲ, ಯಂತ್ರ ಕೆಟ್ಟಿದೆ ಎಂದು ಬರೆದಿಡುತ್ತಾರೆ. ಐವತ್ತು ರೂಪಾಯಿಯೊಳಗಿನ ಒಂದು ಬ್ಯಾಟರಿಗಾಗಿ ಒಂದು ಇಡೀ ಯಂತ್ರ ದಾಸ್ತಾನು ಪುಸ್ತಕದಿಂದ ಹೊರಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮತ್ತು ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಆ ಒಂಬತ್ತು ಯಂತ್ರಗಳ ನಿಧಾನಗತಿಗೆ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಕಾರಣವಾಗಿತ್ತು. ಅದರ ಜಾಗಕ್ಕೆ ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ತೆಗೆದು ಅದರ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯ ಒಂದು ರೂಪವಾದ ಲಿನಕ್ಸ್ ಮಿಂಟ್ ಸ್ಥಾಪಿಸಿದೆವು. ನಾಲ್ಕು ಜಿಬಿ ರ್‍ಯಾಮ್‌ನಲ್ಲಿಯೇ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ತೊಡಕಿಲ್ಲದೆ ನಡೆಯುತ್ತದೆ. ಮಿಂಟ್ 22ಕ್ಕೆ ಭದ್ರತಾ ಪರಿಷ್ಕರಣೆಗಳು 2029ರವರೆಗೆ ಉಚಿತವಾಗಿ ಬರುತ್ತವೆ, ಆಮೇಲೆ ಮುಂದಿನ ಆವೃತ್ತಿಗೂ ಹಣವಿಲ್ಲ. ಕಚೇರಿ ಕೆಲಸಕ್ಕೆ ಲಿಬ್ರೆ ಆಫೀಸ್, ಗಣಿತಕ್ಕೆ ಜಿಯೋಜೀಬ್ರಾ, ಚಿಕ್ಕ ಮಕ್ಕಳಿಗೆ ಜಿಕಾಂಪ್ರಿ ಎಲ್ಲವೂ ಅದಕ್ಕೆ ಸಿಗುತ್ತವೆ. ಖರ್ಚು ಯಂತ್ರವೊಂದಕ್ಕೆ ಎರಡು-ಮೂರು ಸಾವಿರ ರೂಪಾಯಿಗಳಲ್ಲಿ ಮುಗಿಯಿತು. ಹೊಸ ಡೆಸ್ಕ್‌ಟಾಪ್ ಒಂದಕ್ಕೆ ಅದರ ಹತ್ತು ಪಟ್ಟಿಗೂ ಹೆಚ್ಚು ಬೇಕು.

ಲಿನಕ್ಸ್ ಎಂದೊಡನೆ ಬರುವ ಮೊದಲ ಆಕ್ಷೇಪ ಕನ್ನಡದ ಟೈಪಿಂಗ್ ಕುರಿತದ್ದು, ಮತ್ತು ಅದು ಹಗುರವಾಗಿ ತಳ್ಳಿಹಾಕುವ ಆಕ್ಷೇಪವಲ್ಲ. ನಮ್ಮ ಗುಮಾಸ್ತರ, ಶಿಕ್ಷಕರ ಬೆರಳುಗಳು ಕನ್ನಡ ಗಣಕ ಪರಿಷತ್ತಿನ ‘ನುಡಿ’ ಎಂಬ ಟೈಪಿಂಗ್ ತಂತ್ರಾಂಶದಲ್ಲಿ ಪಳಗಿವೆ. ಅವರಿಗೆ ತಿಳಿಯಬೇಕಾದ ಸಂಗತಿಯೆಂದರೆ, ಅದೇ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನಿಂದಲೇ ಇದೆ. ಬೇರೆ ತಂತ್ರಾಂಶ ಹಾಕದೆಯೇ ಅದನ್ನು ಆರಿಸಿಕೊಂಡು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಯಂತ್ರಗಳೂ ಓದಬಲ್ಲ ಅಕ್ಷರ ಸಂಕೇತದಲ್ಲಿ, ಟೈಪ್ ಮಾಡಬಹುದು. ನಿಜವಾದ ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಶೈಲಿಯಲ್ಲಿ ಬರೆದ ನಡಾವಳಿ, ಪತ್ರಗಳು, ಪ್ರಶ್ನೆಪತ್ರಿಕೆಗಳು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ, ಆದರೆ ಪರಿವರ್ತನೆಯಾದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಬ್ಬರು ಕೂತು ಓದಿ ಸರಿಪಡಿಸಲೇಬೇಕು. ಈ ಕೆಲಸ ಹೇಗೂ ಒಂದು ದಿನ ಆಗಬೇಕಾದದ್ದು. ಹಳೆಯ ಯಂತ್ರವನ್ನು ಉಳಿಸಲು ಹೊರಟಾಗ ಅದನ್ನೂ ಮುಗಿಸಿಕೊಂಡರೆ ಕಚೇರಿಯ ದಾಖಲೆಗಳೂ ಉಳಿಯುತ್ತವೆ.

ಇದು ನಮ್ಮಲ್ಲಿ ಆಗದ ಕೆಲಸವೆಂದು ಯಾರಾದರೂ ತಮಗೆ ಹೇಳಿದರೆ ನೆರೆಯ ಕೇರಳವನ್ನು ನೋಡಲು ಹೇಳಬೇಕೆಂದು ಕೋರುತ್ತೇನೆ. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಈಗ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಗಿದ್ದು, ಅದು ಲಿನಕ್ಸ್‌ನ ಇನ್ನೊಂದು ರೂಪವಾದ ಉಬುಂಟುವನ್ನು ಆಧರಿಸಿ ತನ್ನದೇ ಕಾರ್ಯಾಚರಣಾ ವ್ಯವಸ್ಥೆ ರೂಪಿಸಿ ಅಲ್ಲಿನ ಶಾಲೆಗಳಿಗೆ ಕೊಡುತ್ತಿದೆ, ಶಿಕ್ಷಕರಿಗೆ ತರಬೇತಿಯನ್ನೂ ಕೊಡುತ್ತಿದೆ. ನನ್ನ ಅನುಭವದಲ್ಲಿ ಈ ತರಬೇತಿಯೇ ಮುಖ್ಯ. ಲಿನಕ್ಸ್ ಹಾಕಿಕೊಟ್ಟು, ಕೈ ಹಿಡಿದು ಎರಡು ದಿನ ಕಲಿಸದೆ ಬಂದ ಒಂದು ಶಾಲೆಯಲ್ಲಿ ಮೂರು ತಿಂಗಳೊಳಗೆ ಯಾರೋ ಕ್ರ್ಯಾಕ್ ಮಾಡಿದ (ಪರವಾನಗಿಯಿಲ್ಲದ) ವಿಂಡೋಸ್ ತಂದು ಹಾಕಿದ್ದರು. ತಪ್ಪು ಅವರದಲ್ಲ, ಕಲಿಸದೆ ಬಂದ ನನ್ನದು. ಕೇಂದ್ರ ಸರ್ಕಾರ 2015ರಲ್ಲಿಯೇ ಮುಕ್ತ ತಂತ್ರಾಂಶಗಳಿಗೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿದೆ. ಹೀಗಾಗಿ ತಮ್ಮ ಸುತ್ತೋಲೆಗೆ ಆಧಾರವನ್ನು ಹೊಸದಾಗಿ ಹುಡುಕಬೇಕಿಲ್ಲ.

ಹಾಗೆಂದು ವಿಂಡೋಸ್ 10 ಅನ್ನು ಹಾಗೇ ಬಳಸುತ್ತಿರಬಹುದು ಎಂದು ನಾನು ಹೇಳುತ್ತಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಲೋಕದ ತುಂಬ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಅದಕ್ಕೆ ಸಿಕ್ಕಿ ನರಳಿದವು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಪರಿಷ್ಕರಣೆ ಎರಡು ತಿಂಗಳ ಮುಂಚೆಯೇ ಬಂದಿತ್ತು, ಹಾಕಿಕೊಳ್ಳದೆ ಇದ್ದವರು ಸಿಕ್ಕಿಬಿದ್ದರು. ಪರಿಷ್ಕರಣೆಯೇ ಬರದ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸಿಟ್ಟರೆ ಪಂಚಾಯತಿಯ ತೆರಿಗೆ ಲೆಕ್ಕವೂ ಮಕ್ಕಳ ದಾಖಲೆಗಳೂ ಬಾಗಿಲು ತೆರೆದ ಮನೆಯಲ್ಲಿ ಇಟ್ಟಂತೆ. ಬೆರಳಚ್ಚಿನ ಸಾಧನ ಅಥವಾ ವಿಂಡೋಸ್‌ಗೆಂದೇ ಬರೆದ ತಂತ್ರಾಂಶ ಬೇಕಾಗುವ ಕೆಲವು ಯಂತ್ರಗಳಿಗೆ ಲಿನಕ್ಸ್ ಹೊಂದುವುದಿಲ್ಲ, ಅದನ್ನು ಒಪ್ಪುತ್ತೇನೆ. ಅಂಥವಕ್ಕೆ ಮೈಕ್ರೋಸಾಫ್ಟ್ ಹಣ ಪಡೆದು ಪರಿಷ್ಕರಣೆ ಮುಂದುವರಿಸುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಮೊದಲ ವರ್ಷಕ್ಕೆ ಯಂತ್ರಕ್ಕೆ 1 ಡಾಲರ್, ಎರಡನೆಯದಕ್ಕೆ 2, ಮೂರನೆಯದಕ್ಕೆ 4. ಇತರ ಸಂಸ್ಥೆಗಳಿಗೆ ಮೊದಲ ವರ್ಷವೇ 61 ಡಾಲರ್. ಶಾಲೆಗಳ ಮಟ್ಟಿಗೆ ಇದು ಹೊರೆಯಲ್ಲ, ಆದರೆ ಮೂರು ವರ್ಷಕ್ಕೆ ಅದೂ ಮುಗಿಯುತ್ತದೆ. ವಿಂಡೋಸ್ 11 ಒಪ್ಪದ ಯಂತ್ರಕ್ಕೆ ಉಪಾಯದಿಂದ ಅದನ್ನೇ ಹಾಕಿಕೊಡುವವರು ಮಾರುಕಟ್ಟೆಯಲ್ಲಿದ್ದಾರೆ. ಅಂಥ ಯಂತ್ರಕ್ಕೆ ಮುಂದೆ ಪರಿಷ್ಕರಣೆ ಬರುತ್ತದೆಂಬ ಖಾತರಿಯಿಲ್ಲ, ಸಾರ್ವಜನಿಕ ಕಚೇರಿಯಲ್ಲಿ ಅದನ್ನು ಮಾಡಿಸಬಾರದು.

ಉಳಿಸಲಾಗದ ಯಂತ್ರಗಳೂ ಇವೆ. ಹಳೆಯ ಪೆಂಟಿಯಂ 4ಗಳು ತಿನ್ನುವ ವಿದ್ಯುತ್ತಿಗೆ ಕೊಡುವ ಕೆಲಸ ಸಾಲದು, ಲಿನಕ್ಸ್‌ನ ಮತ್ತೊಂದು ರೂಪವಾದ ಡೆಬಿಯನ್ ಕೂಡ 2025ರ ಆವೃತ್ತಿಯಿಂದ 32 ಬಿಟ್ ಯಂತ್ರಗಳಿಗೆ ಸ್ಥಾಪನೆಯ ಡಿಸ್ಕ್ ಕೊಡುವುದನ್ನು ನಿಲ್ಲಿಸಿದೆ. ಅವು ಹೋಗಲಿ. ಆದರೆ ಹೋಗುವ ರೀತಿಯ ಬಗ್ಗೆ ತಮ್ಮ ಗಮನ ಸೆಳೆಯಲೇಬೇಕು. ಹರಾಜಿನಿಂದ ಗುಜರಿಗೆ ಹೋಗಿ ಅಲ್ಲಿಂದ ನನ್ನ ಮೇಜಿಗೆ ಬಂದ ಒಂದು ಹಾರ್ಡ್‌ಡಿಸ್ಕಿನಲ್ಲಿ ನೂರಾರು ಮಕ್ಕಳ ಆಧಾರ್ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು, ವಿದ್ಯಾರ್ಥಿವೇತನದ ಬ್ಯಾಂಕ್ ಖಾತೆಗಳು ಹಾಗೆಯೇ ಇದ್ದವು. ಅದನ್ನು ಅಂದೇ ಪೂರ್ತಿ ಅಳಿಸಿದೆ. ಬೇರೆಯವರ ಮೇಜಿಗೆ ಹೋಗಿದ್ದರೆ ಏನಾಗುತ್ತಿತ್ತೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಡಿಸ್ಕಿನ ಮೇಲೆ ಪೂರ್ತಿ ಬೇರೆ ದತ್ತಾಂಶ ಬರೆದು ಹಳೆಯದನ್ನು ಅಳಿಸದೆ, ಅಥವಾ ತೂತು ಕೊರೆಯದೆ ಯಾವ ಯಂತ್ರವೂ ಆವರಣ ದಾಟಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ನೋಂದಾಯಿತ ಮರುಬಳಕೆದಾರರನ್ನೂ ನವೀಕರಿಸುವವರನ್ನೂ ಗುರುತಿಸಿವೆ, ಉಳಿದದ್ದು ಅವರ ಕೈಗೇ ಸೇರಬೇಕು; ಊರ ಹೊರಗೆ ತಂತಿ ಸುಟ್ಟು ತಾಮ್ರ ತೆಗೆಯುವವರ ಕೈಗಲ್ಲ.

ತಾವು ಕೇಳಬಹುದಾದ ಪ್ರಶ್ನೆ, ಈ ತಪಾಸಣೆ ಮಾಡುವವರು ಯಾರು ಎಂಬುದು. ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಂದಿದ್ದರೆ ಹಾರ್ಡ್‌ಡಿಸ್ಕ್ ಮುಟ್ಟದೆಯೇ ಯಂತ್ರ ಚಾಲೂ ಮಾಡಿ ನೋಡಬಹುದು, ಒಂದಕ್ಕೆ ಇಪ್ಪತ್ತು ನಿಮಿಷ ಸಾಕು. ಜಿಲ್ಲೆಯಲ್ಲಿ ಐಟಿಐಗಳಿವೆ, ಪಾಲಿಟೆಕ್ನಿಕ್‌ಗಳಿವೆ, ಗದಗದಲ್ಲಿಯೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಯೋಗಿಕ ಪಾಠ ಸಿಗಲಾರದು. ಏಳೂ ತಾಲ್ಲೂಕುಗಳಲ್ಲಿ ಒಂದೊಂದು ಕೊಠಡಿ ಗೊತ್ತುಮಾಡಿ, ಕೆಟ್ಟ ಯಂತ್ರಗಳ ಬಿಡಿಭಾಗಗಳನ್ನು ಅಲ್ಲಿ ಕೂಡಿಟ್ಟರೆ ಒಂದು ಶಾಲೆಯ ರ್‍ಯಾಮ್ ಇನ್ನೊಂದು ಶಾಲೆಯ ಯಂತ್ರವನ್ನು ಎಬ್ಬಿಸುತ್ತದೆ. ಏಷ್ಯಾದ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಕಣಗಿನಹಾಳದಲ್ಲಿ. ಒಬ್ಬನಿಗೆ ಆಗದ್ದನ್ನು ಹತ್ತು ಜನ ಕೂಡಿ ಮಾಡುವುದನ್ನು ಈ ಜಿಲ್ಲೆಗೆ ಹೊರಗಿನವರು ಕಲಿಸಬೇಕಿಲ್ಲ. ಈಗ ಒಂದು ಶಾಲೆಯಲ್ಲಿ ಇರುವ ಬಿಡಿಭಾಗವನ್ನು ಇನ್ನೊಂದು ಶಾಲೆಗೆ ಕೊಡಲು ದಾಸ್ತಾನು ಪುಸ್ತಕವೇ ಅಡ್ಡ ಬರುತ್ತದೆ ಎಂದು ಮುಖ್ಯೋಪಾಧ್ಯಾಯರು ಹೆದರುತ್ತಾರೆ. ಆ ಹೆದರಿಕೆ ತೆಗೆಯುವ ಒಂದು ವಾಕ್ಯ ಸುತ್ತೋಲೆಯಲ್ಲಿ ಇರಲಿ.

ಮಾರ್ಚ್ ಅಂತ್ಯ ಸಮೀಪಿಸಿದಂತೆ ವಿಲೇವಾರಿ ಪಟ್ಟಿಗಳು ತಮ್ಮ ಮೇಜಿಗೆ ಬರತೊಡಗುತ್ತವೆ. ಅವುಗಳಿಗೆ ಸಹಿ ಮಾಡುವ ಮುನ್ನ ಯಾವುದಾದರೂ ಒಂದು ತಾಲ್ಲೂಕಿನ ಪಟ್ಟಿಯನ್ನು ಪ್ರಯೋಗಕ್ಕೆಂದು ತಡೆಹಿಡಿಯಿರಿ. ಆ ಯಂತ್ರಗಳನ್ನು ಪರೀಕ್ಷಿಸಲು ನಾನೂ ನನ್ನ ಅಂಗಡಿಯ ಇಬ್ಬರು ಹುಡುಗರೂ ಕೂಲಿ ಪಡೆಯದೆ ಬರಲು ಸಿದ್ಧರಿದ್ದೇವೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ. ತಾವು ಗೊತ್ತುಮಾಡಿದ ಯಾವ ಭಾನುವಾರವಾದರೂ ಸರಿ.

ತಮ್ಮ ವಿಶ್ವಾಸಿ,
ಗದಗ-ಬೆಟಗೇರಿಯ ಒಬ್ಬ ಕಂಪ್ಯೂಟರ್ ದುರಸ್ತಿಗಾರ