ಸರ್ವಸಮತೆಯ ಲೆಕ್ಕಕ್ಕೆ ಟಿಕ್ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಜುಲೈ ತಿಂಗಳ ಮಳೆಯ ರಜೆಯಲ್ಲಿ, ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳಿಗೆ ತ್ರಿಭುಜಗಳ ಸರ್ವಸಮತೆಯ, ಅಂದರೆ ಎರಡು ತ್ರಿಭುಜಗಳು ಆಕಾರದಲ್ಲೂ ಅಳತೆಯಲ್ಲೂ ಒಂದೇ ಆಗಿರುವುದರ ಮೇಲೆ ಹದಿನೈದು ಲೆಕ್ಕಗಳ ಹೋಮ್‌ವರ್ಕ್ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಯಾರೋ ಒಬ್ಬರು ಗೈಡ್ ನೋಡಿ ಬರೆದ ಪುಟಗಳ ಫೋಟೊ ಸಂಜೆಯೊಳಗೆ ತರಗತಿಯ ಎಲ್ಲರಿಗೂ ತಲುಪಿತು. ಶಾಲೆ ಮತ್ತೆ ತೆರೆದಾಗ ಹದಿನೈದಕ್ಕೂ ಕೆಂಪು ಶಾಯಿಯ ಟಿಕ್ ಬಿದ್ದಿತ್ತು. ಮೂವತ್ತು ವರ್ಷ ಜಮೀನು ಅಳೆಯುವ ಮೋಜಣಿ ಕೆಲಸ ಮಾಡಿ ನಿವೃತ್ತನಾದ ನನಗೆ ಅವುಗಳಲ್ಲಿ ಒಂದು ಲೆಕ್ಕ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು.

ಲೆಕ್ಕ ಸರಳವಾದುದೇ. ಎಬಿಸಿ ತ್ರಿಭುಜದಲ್ಲಿ ಎಬಿ ಮತ್ತು ಎಸಿ ಸಮ. ಬಿಸಿ ಪಾದದ ಮಧ್ಯಬಿಂದು ಡಿ. ಎಡಿ ರೇಖೆಯು ಎ ಕೋನವನ್ನು ಅರ್ಧಿಸುತ್ತದೆಂದು ಸಾಧಿಸಬೇಕು. ಅವಳ ನೋಟ್‌ಪುಸ್ತಕದಲ್ಲಿದ್ದ ಸಾಧನೆ ಹೀಗಿತ್ತು: ಎಬಿ ಮತ್ತು ಎಸಿ ಸಮ, ಬಿ ಮತ್ತು ಸಿ ಕೋನಗಳು ಸಮ, ಎಡಿ ಉಭಯಸಾಮಾನ್ಯ ಬಾಹು, ಆದ್ದರಿಂದ ಬಾ.ಕೋ.ಬಾ. (ಎರಡು ಬಾಹು ಮತ್ತು ಅವುಗಳ ನಡುವಿನ ಕೋನ ಸಮ) ನಿಯಮದಂತೆ ಎಬಿಡಿ, ಎಸಿಡಿ ತ್ರಿಭುಜಗಳು ಸರ್ವಸಮ. ಮೂರು ಮಾತೂ ನಿಜ, ತೀರ್ಮಾನವೂ ನಿಜ, ಆದರೆ ಸಾಧನೆ ತಪ್ಪು. ಎಬಿ ಮತ್ತು ಎಡಿ ಬಾಹುಗಳ ನಡುವೆ ಇರುವುದು ಬಿ ಕೋನವಲ್ಲ. 'ಡಿ ಮಧ್ಯಬಿಂದು' ಎಂಬ ದತ್ತವನ್ನು ಈ ಸಾಧನೆ ಎಲ್ಲಿಯೂ ಬಳಸಿಲ್ಲ ಎಂಬುದನ್ನು ಗಮನಿಸಿದರೆ ತಪ್ಪು ಎಷ್ಟು ದೊಡ್ಡದೆಂದು ತಿಳಿಯುತ್ತದೆ: ಡಿಯನ್ನು ಬಿಸಿಯ ಮೇಲೆ ಎಲ್ಲಿ ಇಟ್ಟರೂ ಆ ಮೂರು ಮಾತುಗಳು ನಿಜವಾಗಿಯೇ ಉಳಿಯುತ್ತವೆ, ಹಾಗಾಗಿ ಪಾದದ ಮೇಲಿನ ಪ್ರತಿಯೊಂದು ಬಿಂದುವೂ ಮಧ್ಯಬಿಂದುವೇ ಎಂದು ಒಪ್ಪಬೇಕಾಗುತ್ತದೆ!

"ಉತ್ತರ ಸರಿಯಿದೆಯಲ್ಲ ಅಜ್ಜ, ಟೀಚರ್ ಟಿಕ್ ಹಾಕಿದ್ದಾರೆ" ಎಂದಳು. ವಾದಿಸುವುದನ್ನು ಬಿಟ್ಟು, ಕಾಫಿ ಮಾರಿ ಖಾಲಿಯಾಗಿದ್ದ ಗೋದಾಮಿನ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಉದ್ದ ಗೆರೆ ಎಳೆದೆವು. ಅದರ ಒಂದು ತುದಿಯಲ್ಲಿ 30 ಡಿಗ್ರಿ ಕೋನ ಮಾಡಿ, ಆ ದಿಕ್ಕಿನಲ್ಲಿ 10 ಅಡಿ ದೂರಕ್ಕೆ ಗುರುತು ಹಾಕಿ, ಗುರುತಿನ ಮೇಲೆ 6 ಅಡಿ ಹಗ್ಗದ ತುದಿಯನ್ನು ಅವಳ ಕೈಯಿಂದಲೇ ಒತ್ತಿ ಹಿಡಿಸಿ, ಇನ್ನೊಂದು ತುದಿಯನ್ನು ನಾನು ತಿರುಗಿಸುತ್ತ ಹೋದೆ. ಹಗ್ಗ ಗೆರೆಯನ್ನು ಎರಡು ಕಡೆ ಮುಟ್ಟಿತು, ಒಮ್ಮೆ ಸುಮಾರು 5 ಅಡಿ 4 ಅಂಗುಲದಲ್ಲಿ, ಇನ್ನೊಮ್ಮೆ 12 ಅಡಿಯ ಹತ್ತಿರ. ಎರಡು ಬಾಹು ಅವೇ, ಕೋನವೂ ಅದೇ, ತ್ರಿಭುಜ ಮಾತ್ರ ಎರಡು. ಕೋನ ನಡುವೆ ಇರಲೇಬೇಕೆಂದು ಏಕೆ ಹೇಳುತ್ತಾರೆಂಬುದು ಅವಳಿಗೆ ಆಗ ಹೊಳೆಯಿತು. ಅದೇ ಲೆಕ್ಕವನ್ನು ಆಮೇಲೆ ಬಿಡಿ ಮತ್ತು ಡಿಸಿ ಸಮವೆಂಬುದನ್ನು ಸೇರಿಸಿ ಬಾ.ಬಾ.ಬಾ. (ಮೂರು ಬಾಹುಗಳೂ ಸಮ) ನಿಯಮದಿಂದ ತಾನೇ ಬರೆದಳು.

ಇದು ಪರೀಕ್ಷೆಯ ಒಂದೆರಡು ಅಂಕಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ಒಂದು ಸರಪಳಿ, ಅಂದರೆ 66 ಅಡಿ ಉದ್ದದ ನಾಲ್ಕು ಬದಿಗಳುಳ್ಳ ಜಾಗ ಚೌಕವಾಗಿದ್ದರೆ ಸರಿಯಾಗಿ 10 ಸೆಂಟ್ (ಸೆಂಟ್ ಎಂದರೆ ಎಕರೆಯ ನೂರನೇ ಒಂದು ಭಾಗ) ಆಗುತ್ತದೆ. ಬದಿಗಳ ಅಳತೆ ಒಂದಿಷ್ಟೂ ಬದಲಾಗದೆ ಮೂಲೆ 60 ಡಿಗ್ರಿಗೆ ವಾಲಿದರೆ 8.66 ಸೆಂಟ್‌ಗೆ ಇಳಿಯುತ್ತದೆ. ಆದ್ದರಿಂದಲೇ ಮೋಜಣಿಯಲ್ಲಿ ಬಾಂದುಕಲ್ಲಿನಿಂದ ಎದುರು ಬಾಂದುಕಲ್ಲಿಗೆ ಕರ್ಣವನ್ನೂ ಅಳೆದು ಜಾಗವನ್ನು ತ್ರಿಭುಜಗಳಾಗಿ ಒಡೆಯುತ್ತೇವೆ, ಏಕೆಂದರೆ ಮೂರು ಬದಿ ಗೊತ್ತಾದ ತ್ರಿಭುಜ ಅಲುಗಾಡುವುದಿಲ್ಲ. ಒಂದು ಸೆಂಟಿಗಾಗಿ ಅಣ್ಣತಮ್ಮಂದಿರು ಕೋರ್ಟು ಮೆಟ್ಟಿಲು ಹತ್ತಿದ್ದನ್ನು ನಾನು ಈ ಜಿಲ್ಲೆಯಲ್ಲೇ ಕಂಡಿದ್ದೇನೆ. ಇನ್ನು ಕೋ.ಬಾ.ಕೋ. (ಎರಡು ಕೋನ ಮತ್ತು ಅವುಗಳ ನಡುವಿನ ಬಾಹು ಸಮ) ನಿಯಮದ ಹರವು ಬಹಳ ದೊಡ್ಡದು: 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯೊಂದನ್ನು ಅಳೆದ ಬ್ರಿಟಿಷ್ ಮೋಜಣಿದಾರ ವಿಲಿಯಂ ಲ್ಯಾಂಬ್ಟನ್, ಅಲ್ಲಿಂದಾಚೆಗೆ ಹೆಚ್ಚಾಗಿ ಕೋನಗಳನ್ನೇ ಅಳೆಯುತ್ತ, ತ್ರಿಭುಜಕ್ಕೆ ತ್ರಿಭುಜ ಜೋಡಿಸುತ್ತ ಪಶ್ಚಿಮ ಕರಾವಳಿ ಮುಟ್ಟಿದ್ದು ಅದರ ಬಲದಿಂದಲೇ.

ಶಿಕ್ಷಕರ ಮೇಲಿನ ಹೊರೆ ನನಗೆ ತಿಳಿಯದ್ದೇನಲ್ಲ. ಐವತ್ತು ಮಕ್ಕಳ ಹದಿನೈದು ಲೆಕ್ಕಗಳೆಂದರೆ ಏಳುನೂರೈವತ್ತು ಸಾಧನೆಗಳು, ಅವನ್ನೆಲ್ಲ ಸಾಲುಸಾಲಾಗಿ ಓದಲು ಯಾರಿಂದಲೂ ಆಗದು. ಆದ್ದರಿಂದ ನನ್ನ ಕೋರಿಕೆ ಇಷ್ಟೆ: ಈ ಪಾಠಕ್ಕೆ ಹದಿನೈದರ ಬದಲು ಮೂರೇ ಲೆಕ್ಕ ಕೊಡಿ, ಪ್ರತಿ ಹೇಳಿಕೆಯ ಎದುರಿಗೂ ಅದು ದತ್ತವೋ, ಉಭಯಸಾಮಾನ್ಯವೋ, ಯಾವ ಪ್ರಮೇಯದಿಂದ ಬಂತೋ ಎಂಬ ಕಾರಣವನ್ನು ಮಗುವಿನ ಸ್ವಂತ ಮಾತಿನಲ್ಲಿ ಬರೆಸಿ, ಆ ಕಾರಣಗಳನ್ನು ಓದಿದ ಮೇಲೆಯೇ ಟಿಕ್ ಹಾಕಿ. ಎಬಿಡಿ ತ್ರಿಭುಜವು ಎಸಿಡಿಗೆ ಸರ್ವಸಮ ಎನ್ನುವ ಬದಲು ಎಡಿಸಿಗೆ ಸರ್ವಸಮ ಎಂದು ಬರೆದಿದ್ದರೆ ಅದನ್ನೂ ತಿದ್ದಿ, ಶೃಂಗಗಳ (ಮೂಲೆಗಳ) ಕ್ರಮ ತಪ್ಪಿದರೆ ಒಂದಕ್ಕೊಂದು ಹೊಂದಬೇಕಾದ ಅನುರೂಪ ಭಾಗಗಳೆಲ್ಲ ಅದಲುಬದಲಾಗುತ್ತವೆ. ಮಳೆಯ ರಜೆಯಲ್ಲಿ, ಕರೆಂಟು ಇಲ್ಲದ ಮನೆಯಲ್ಲಿ, ಮೇಣದಬತ್ತಿಯ ಬೆಳಕಿನಲ್ಲೂ ಒಂದು ಮಗು ಮೂರು ಲೆಕ್ಕಗಳನ್ನು ತಾನೇ ಯೋಚಿಸಿ ಮಾಡಬಲ್ಲುದು.

ತಮ್ಮ ವಿಶ್ವಾಸಿ,
ನಿವೃತ್ತ ಮೋಜಣಿದಾರ,
ಸೋಮವಾರಪೇಟೆ ತಾಲ್ಲೂಕು, ಕೊಡಗು