ಚಿತ್ರದುರ್ಗದಲ್ಲಿ ಸಿಕ್ಕ ಅಣ್ಣನಿಗೆ

ಹೋದ ಭಾನುವಾರ ಕೋಟೆ ಹತ್ತಿರ ನನ್ನ 1997ರ ಕಾರಿನ ಹಿಂದಿನ ಸೀಟು ಎತ್ತಿ, ಮಂಡಿಯೂರಿ ಕೂತು ನೋಡಿಕೊಟ್ಟಿರಲ್ಲ, ಆ ಅಣ್ಣನವರಿಗೆ ಈ ಮಾತು. ನಿಮ್ಮ ಹೆಸರು ಕೇಳೋದನ್ನೂ ಮರೆತೆ.

ದಾವಣಗೆರೆಯಲ್ಲಿ ಟ್ಯಾಂಕ್ ಫುಲ್ ಮಾಡಿಸಿಯೇ ಹೊರಟಿದ್ದೆ. ಆದರೂ ಪೆಟ್ರೋಲ್ ಮುಳ್ಳು ಖಾಲಿ ಗೆರೆ ಬಿಟ್ಟು ಏಳಲಿಲ್ಲ. ಮೀಟರೇ ಬದಲಿಸಬೇಕು ಅಂತ ಇಬ್ಬರು ಹೇಳಿದ್ದರು. ನೀವು ಮಾತ್ರ "ತಡೀರಿ, ಮೊದಲು ನೋಡೋಣ" ಅಂದಿರಿ. ಬಾಗಿಲೆಲ್ಲ ತೆರೆಸಿ, ಪೆಟ್ರೋಲ್ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡಿರಿ. ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟದ ಜೊತೆ ಏರಿಳಿಯುವ ಫ್ಲೋಟ್‌ನಿಂದ ಮೀಟರಿಗೆ ಹೋಗುವ ವೈರ್ ಬಿಚ್ಚಿ ಕಾರಿನ ಬಾಡಿಯ ಲೋಹಕ್ಕೆ ತಾಗಿಸಿ, ಕೀ ಆನ್ ಮಾಡಿಸಿದಿರಿ. ಮುಳ್ಳು ನಿಧಾನಕ್ಕೆ ಏಳುತ್ತಾ ಫುಲ್ ಕಡೆ ಹೋಯಿತು! "ಮೀಟರೂ ಸರಿ, ವೈರೂ ಸರಿ. ಇನ್ನು ಫ್ಲೋಟ್, ಇಲ್ಲಾಂದ್ರೆ ಅದನ್ನ ಕಾರಿನ ಲೋಹಕ್ಕೆ ಸೇರಿಸೋ ಅರ್ತ್ ವೈರು" ಅಂದಿರಿ. ಅರ್ತ್ ವೈರಿನ ತುದಿ ಹಸಿರು ಕಿಲುಬು ಹಿಡಿದಿತ್ತು. ಉಜ್ಜಿ ಬಿಗಿ ಮಾಡಿದಿರಿ, ಅಷ್ಟೇ.

ಸುಮ್ನೆ ಹೊಸ ಮೀಟರಿಗೆ ಸುರಿಯುತ್ತಿದ್ದ ದುಡ್ಡು ಉಳಿಯಿತು. ಅದಕ್ಕಿಂತ ಜಾಸ್ತಿ, ಇದು ಅಪ್ಪ ಓಡಿಸುತ್ತಿದ್ದ ಕಾರು. ದುಡ್ಡು ಕೊಡಲು ಬಂದರೆ ಕೈ ಹಿಂದೆ ಕಟ್ಟಿಕೊಂಡಿರಿ. ದಾವಣಗೆರೆಗೆ ಬಂದಾಗ ನನ್ನ ಜೊತೆ ಬೆಣ್ಣೆ ದೋಸೆ ತಿನ್ನಲೇಬೇಕು, ಅಣ್ಣಾ.